ಸೆಫಾರಿಯ ಆ್ಯಪ್: ದಪ್ಪಕ್ಷರ ಮೂಲ, ತೆಳು ಅಕ್ಷರ ಟೀಕೆ

ಯೆಹೂದಿ ಧರ್ಮದ ಬಗ್ಗೆ ಯಾರೋ ಹೇಳಿದ್ದನ್ನು ಬಿಟ್ಟು ಮೂಲವನ್ನೇ ಓದಬೇಕು ಅಂತ ಉಡುಪಿಯಲ್ಲೋ ಮಂಗಳೂರಿನಲ್ಲೋ ಒಬ್ಬರಿಗೆ ಅನಿಸಿದರೆ ದಾರಿ ಸುಲಭವಿಲ್ಲ. ನಮ್ಮೂರಲ್ಲಿ ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾಮಂದಿರ, ಇಲ್ಲ. 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ನೋಡಬೇಕಾದರೆ ಕೊಚ್ಚಿಗೆ ಹೋಗಬೇಕು. ಕನ್ನಡ ಸತ್ಯವೇದದಲ್ಲಿ ಹಳೆಯ ಒಡಂಬಡಿಕೆ ಇದೆ ನಿಜ, ಆದರೆ ಅದನ್ನು ಯೆಹೂದಿಗಳು ಹೇಗೆ ಓದುತ್ತಾರೆ, ಒಂದು ವಾಕ್ಯಕ್ಕೆ ಎಷ್ಟು ಪ್ರಶ್ನೆ ಹಾಕುತ್ತಾರೆ ಅನ್ನುವುದು ಅಲ್ಲಿ ಸಿಗುವುದಿಲ್ಲ. ಆ ಓದಿನ ಬಾಗಿಲು ತೆರೆಯುವುದು ಸೆಫಾರಿಯ. ವೆಬ್‌ಸೈಟೂ ಇದೆ, ಆಂಡ್ರಾಯ್ಡ್ ಮತ್ತು ಐಫೋನ್ ಆ್ಯಪೂ ಇದೆ. ಜೋಶುವಾ ಫೋಯರ್ ಮತ್ತು ಬ್ರೆಟ್ ಲಾಕ್‌ಸ್ಪೈಸರ್ ಎಂಬಿಬ್ಬರು 2011ರಲ್ಲಿ ಶುರು ಮಾಡಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆಯದು. ದುಡ್ಡು ಕೊಡಬೇಕಾಗಿಲ್ಲ, ಜಾಹೀರಾತು ಇಲ್ಲ, ಓದುವುದಕ್ಕೆ ಲಾಗಿನ್ ಕೂಡ ಬೇಡ. ಟಿಪ್ಪಣಿ ಬರೆದಿಟ್ಟುಕೊಳ್ಳುವುದಕ್ಕೆ ಮಾತ್ರ ಖಾತೆ ತೆರೆಯಬೇಕು.

ಒಳಗೆ ಹೀಬ್ರೂ ಬೈಬಲಿನ 24 ಪುಸ್ತಕಗಳು, ಬಾಯಿಪಾಠವಾಗಿ ಬಂದ ವಿಧಿಗಳ ಸಂಗ್ರಹವಾದ ಮಿಶ್ನಾದ ಆರು ಭಾಗಗಳು, ಮಿಶ್ನಾದ ಮೇಲಿನ ಚರ್ಚೆಗಳಾದ ಬಾಬಿಲೋನಿನ ಮತ್ತು ಜೆರುಸಲೇಮಿನ ಎರಡೂ ತಾಲ್ಮುದ್, ಬೈಬಲ್ ವಚನಗಳನ್ನು ಕತೆ-ಬೋಧೆಗಳಿಂದ ಬಿಡಿಸುವ ಮಿದ್ರಾಶ್, ಮಧ್ಯಯುಗದ ವಿದ್ವಾಂಸ ರಂಬಾಮರ (ಮೈಮೊನಿಡೀಸ್) ಧರ್ಮಶಾಸ್ತ್ರ, ಪ್ರಾರ್ಥನಾ ಪುಸ್ತಕ, ಹಸೀದಿ ಎಂಬ ಭಕ್ತಿಪಂಥದ ಗುರುಗಳ ಬರಹ ಎಲ್ಲ ಇವೆ. ಮೆನುಗಳು ಇಂಗ್ಲಿಷ್ ಮತ್ತು ಹೀಬ್ರೂವಿನಲ್ಲಿ ಮಾತ್ರ. ಪಿಯುಸಿ ಮಟ್ಟದ ಇಂಗ್ಲಿಷ್ ಓದಲು ಬಂದರೆ ಸಾಕು, ಹೀಬ್ರೂ ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ಹೆಚ್ಚಿನವರು ಎಡವುವುದು ತೆರೆದ ಮೊದಲ ದಿನವೇ. 'ವಿಷಯಗಳು' ವಿಭಾಗಕ್ಕೆ ಹೋಗಿ 'ನಂಬಿಕೆ' ಅಂತಲೋ 'ಸಾವು' ಅಂತಲೋ ಹುಡುಕುತ್ತಾರೆ. ಅಲ್ಲಿ ಹತ್ತಾರು ತುಣುಕುಗಳು ಬರುತ್ತವೆ, ಒಂದೊಂದೂ ಸ್ಟೇಟಸ್‌ಗೆ ಹಾಕುವಷ್ಟು ಚಂದ. ನಾಲ್ಕು ದಿನ ಓದಿದರೆ ಇದೂ ಎಲ್ಲ ಧರ್ಮಗಳೂ ಹೇಳುವ ಒಳ್ಳೆಯ ಮಾತೇ ಅಂತ ಅನಿಸಿ ಆ್ಯಪ್ ಮೂಲೆ ಸೇರುತ್ತದೆ. ತಪ್ಪು ಆ್ಯಪಿನದಲ್ಲ. ಈ ಪರಂಪರೆಯಲ್ಲಿ ವಿಚಾರ ಇರುವುದು ಸುಭಾಷಿತದಲ್ಲಿ ಅಲ್ಲ, ಚರ್ಚೆಯ ನಡಿಗೆಯಲ್ಲಿ. ಹಾಗಾಗಿ 'ವಿಷಯಗಳು' ವಿಭಾಗವನ್ನು ಮೊದಲ ಮೂರು ತಿಂಗಳು ಮುಟ್ಟದಿರುವುದು ಒಳ್ಳೆಯದು. ಬದಲಿಗೆ ತಾಲ್ಮುದಿನ ಮೊಟ್ಟಮೊದಲ ಪುಟ, ಬೆರಾಖೋತ್ 2ಎ ತೆರೆಯಿರಿ. ಒಂದನೇ ಪುಟ ಎಲ್ಲಿ ಅಂತ ಹುಡುಕಬೇಡಿ, ಇಲ್ಲ. ಅಚ್ಚಾದ ಪ್ರತಿಗಳಲ್ಲಿ ಮೊದಲ ಹಾಳೆ ಮುಖಪುಟಕ್ಕೆ ಹೋಗುವುದರಿಂದ ಎಣಿಕೆ ಎರಡರಿಂದ ಶುರು. ಎ ಅಂದರೆ ಹಾಳೆಯ ಮುಂಬದಿ, ಬಿ ಅಂದರೆ ಹಿಂಬದಿ.

ಅಷ್ಟು ದೊಡ್ಡ ಗ್ರಂಥ ಶುರುವಾಗುವುದು ದೇವರು ಯಾರು, ಜಗತ್ತು ಹೇಗಾಯಿತು ಎಂಬ ಪ್ರಶ್ನೆಯಿಂದಲ್ಲ. ಸಂಜೆಯ 'ಶೆಮಾ' ಪ್ರಾರ್ಥನೆಯನ್ನು ಎಷ್ಟು ಹೊತ್ತಿಗೆ ಹೇಳಲು ಶುರು ಮಾಡಬಹುದು, ಎಂಬುದರಿಂದ. ಪುರೋಹಿತರು ಶುದ್ಧರಾಗಿ ತಮ್ಮ ಪಾಲಿನ ಊಟಕ್ಕೆ ಒಳಗೆ ಹೋಗುವ ಹೊತ್ತಿನಿಂದ, ಅಂತ ಉತ್ತರ. ಎಲ್ಲಿಯವರೆಗೆ? ರಬ್ಬಿ (ಯೆಹೂದಿ ಧರ್ಮಗುರು) ಎಲಿಯೇಜರ್ ರಾತ್ರಿಯ ಮೊದಲ ಜಾವ ಮುಗಿಯುವವರೆಗೆ ಅನ್ನುತ್ತಾರೆ. ವಿದ್ವಾಂಸರು ನಡುರಾತ್ರಿವರೆಗೆ ಅನ್ನುತ್ತಾರೆ. ರಬ್ಬಾನ್ ಗಮ್ಲಿಯೇಲ್ ಬೆಳಕು ಹರಿಯುವವರೆಗೆ ಅನ್ನುತ್ತಾರೆ. ಅದಕ್ಕೆ ಹೊಂದಿಕೊಂಡೇ ಅವರ ಮನೆಯ ಸಂಗತಿ: ಮಕ್ಕಳು ಔತಣದ ಮನೆಯಿಂದ ತಡವಾಗಿ ಬಂದು, ಶೆಮಾ ಹೇಳಿಲ್ಲ ಅಪ್ಪಾ ಅಂದರು, ಬೆಳಕು ಹರಿದಿಲ್ಲವಾದರೆ ಈಗಲೂ ಹೇಳಬೇಕು ಅಂತ ಗಮ್ಲಿಯೇಲ್ ಉತ್ತರ ಕೊಟ್ಟರು. ನಂಬಿಕೆ ಎಂಬುದು ಗಡಿಯಾರದ ಪ್ರಶ್ನೆಯಾಗಿ, ಔತಣದ ಮನೆಯಿಂದ ತಡವಾಗಿ ಬಂದ ಹುಡುಗರ ಪ್ರಶ್ನೆಯಾಗಿ ಇಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಅರ್ಥ ಏನು ಎಂಬುದು ಆಮೇಲೆ, ಅದೇ ಗಳಿಗೆಯನ್ನು ಕೆದಕುತ್ತಾ ಕೆದಕುತ್ತಾ ಬರುತ್ತದೆ.

ಈ ಪುಟದಲ್ಲೇ ಸೆಫಾರಿಯದ ಅತಿ ಮುಖ್ಯ ಗುಣವೂ ಗೊತ್ತಾಗುತ್ತದೆ, ಅತಿ ಹೆಚ್ಚು ಜನ ಮಾಡುವ ತಪ್ಪೂ ಗೊತ್ತಾಗುತ್ತದೆ. ತಾಲ್ಮುದಿನ ಇಂಗ್ಲಿಷ್ ಪಾಠ ರಬ್ಬಿ ಆದಿನ್ ಸ್ಟೈನ್‌ಸಾಲ್ಟ್ಸ್ ಅವರ ಕೆಲಸವನ್ನು ಆಧರಿಸಿದ್ದು. 1965ರಲ್ಲಿ ಶುರು ಮಾಡಿ 2010ರ ಹೊತ್ತಿಗೆ ಅವರು ಇಡೀ ಬಾಬಿಲೋನಿನ ತಾಲ್ಮುದಿಗೆ ವ್ಯಾಖ್ಯಾನ ಬರೆದು ಮುಗಿಸಿದರು. 2017ರಿಂದ ಅದರ ಇಂಗ್ಲಿಷ್ ಅನುವಾದ ಇಲ್ಲಿ ಎಲ್ಲರಿಗೂ ಮುಕ್ತವಾಗುತ್ತಾ ಬಂತು. ಆ ಪಾಠದಲ್ಲಿ ಕೆಲವು ಶಬ್ದಗಳು ದಪ್ಪಕ್ಷರದಲ್ಲಿವೆ, ಉಳಿದವು ತೆಳು. ದಪ್ಪಕ್ಷರ ಮೂಲದ ನೇರ ಅನುವಾದ. ತೆಳು ಅಕ್ಷರ ಅರ್ಥವಾಗಲಿ ಅಂತ ಸೇರಿಸಿದ ವಿವರಣೆ. ಬೆರಾಖೋತ್ 2ಎಯಲ್ಲಿ ಮಿಶ್ನಾ ಮುಗಿದ ಕೂಡಲೇ ಬರುವ ಮೊದಲ ಪ್ರಶ್ನೆ ಅರಮಾಯಿಕ್ ಮೂಲದಲ್ಲಿ ಬರೀ ಐದು ಶಬ್ದ. 'ತನ್ನಾ ಎಲ್ಲಿ ನಿಂತುಕೊಂಡು ಯಾವಾಗಿನಿಂದ ಅಂದದ್ದು?' ಅನ್ನುವಷ್ಟೇ. ತನ್ನಾ ಅಂದರೆ ಮಿಶ್ನಾ ಕಾಲದ ಗುರು. ಶೆಮಾ ಹೇಳಲೇಬೇಕು ಎಂಬ ವಿಧಿಯನ್ನೇ ಇನ್ನೂ ತಿಳಿಸದೆ ಹೊತ್ತಿನ ಮಾತು ಹೇಗೆ ಎತ್ತಿದರು, ಅಂತ ಅದರ ತಾತ್ಪರ್ಯ. ಆ ತಾತ್ಪರ್ಯ ತೆಳು ಅಕ್ಷರದಲ್ಲಿ ಬರುತ್ತದೆ. ಇದನ್ನು ಗಮನಿಸದವರು ಸ್ಟೈನ್‌ಸಾಲ್ಟ್ಸ್ ಅವರ ಮಾತನ್ನು 'ತಾಲ್ಮುದ್ ಹೀಗೆ ಹೇಳುತ್ತದೆ' ಅಂತ ಉದ್ಧರಿಸಿಬಿಡುತ್ತಾರೆ. ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ದಪ್ಪ-ತೆಳು ಭೇದ ಅಳಿಸಿಹೋಗುವುದರಿಂದ ತಪ್ಪು ಇನ್ನಷ್ಟು ಸಲೀಸು. ಹಂಚುವ ಮುಂಚೆ ದಪ್ಪಕ್ಷರದ ಶಬ್ದಗಳನ್ನಷ್ಟೇ ಜೋಡಿಸಿ ಓದಿ ನೋಡಿ. ವಾಕ್ಯ ಮುರುಕಲಾಗಿ ಕಾಣುತ್ತದೆ. ಮೂಲ ಇರುವುದೇ ಹಾಗೆ. ಓದುವವರು ತುಂಬಿಕೊಳ್ಳಲಿ ಅಂತ ಬಿಟ್ಟ ಜಾಗಗಳು ಅವು.

ಉಡುಪಿಯವರಿಗೆ ಈ ಪದರುಗಳು ಹೊಸದಲ್ಲ. ಬ್ರಹ್ಮಸೂತ್ರ, ಅದಕ್ಕೆ ಮಧ್ವಾಚಾರ್ಯರ ಭಾಷ್ಯ, ಭಾಷ್ಯಕ್ಕೆ ಜಯತೀರ್ಥರ ತತ್ತ್ವಪ್ರಕಾಶಿಕಾ, ಅದಕ್ಕೆ ವ್ಯಾಸತೀರ್ಥರ ತಾತ್ಪರ್ಯಚಂದ್ರಿಕಾ. ಒಂದರ ಮೇಲೊಂದು ಕಟ್ಟಿಕೊಂಡು ಹೋಗುವ ಈ ಕ್ರಮ ಮಠದ ಪಾಠದಲ್ಲಿ ಕುಳಿತವರಿಗೆ ಕರತಲಾಮಲಕ. ತಾಲ್ಮುದಿನ ಅಚ್ಚಿನ ಪುಟವೂ ಹಾಗೆಯೇ ಇರುತ್ತದೆ: ನಡುವೆ ಮೂಲ, ಒಳ ಅಂಚಿಗೆ ರಶಿಯ ವ್ಯಾಖ್ಯಾನ, ಹೊರ ಅಂಚಿಗೆ ರಶಿಯ ಮೊಮ್ಮಕ್ಕಳ ಕಾಲದಿಂದ ಬೆಳೆದ ತೋಸಾಫೋತ್ ಎಂಬ ಟಿಪ್ಪಣಿಗಳು. ರಶಿ ಅಂದರೆ ಫ್ರಾನ್ಸಿನ ತ್ರ್ವಾ ಊರಿನ ರಬ್ಬಿ ಶ್ಲೋಮೋ, 1040ರಿಂದ 1105. ಸೆಫಾರಿಯ ಈ ಪುಟದ ಆಕಾರವನ್ನು ಒಡೆದುಹಾಕಿದೆ. ಮೂಲ ಸಾಲು ಸಾಲಾಗಿ ಕೆಳಗಿಳಿಯುತ್ತದೆ, ವ್ಯಾಖ್ಯಾನ ಬೇಕಾದರೆ ಸಾಲನ್ನು ಮುಟ್ಟಬೇಕು, ಆಗ ಕೆಳಗಿನಿಂದಲೋ ಪಕ್ಕದಿಂದಲೋ ಪಟ್ಟಿ ತೆರೆಯುತ್ತದೆ. ಕಣ್ಣಿಗೆ ಹಿತ ಹೌದು. ಆದರೆ 'ಆ ಮಾತು ಎಡಪುಟದ ಕೆಳಮೂಲೆಯಲ್ಲಿತ್ತು' ಅಂತ ಕಣ್ಣು ನೆನಪಿಡುವ ಬಗೆ ಇಲ್ಲಿ ಸಾಧ್ಯವಿಲ್ಲ. ಇದು ಸಣ್ಣ ನಷ್ಟವಲ್ಲ. ಇನ್ನೊಂದು ತೊಡಕು, ವ್ಯಾಖ್ಯಾನಗಳಲ್ಲಿ ಬಹಳಷ್ಟು ಹೀಬ್ರೂವಿನಲ್ಲಿ ಮಾತ್ರ ಇವೆ. ಬೈಬಲಿನ ಮೊದಲ ಐದು ಪುಸ್ತಕಗಳಾದ ತೋರಾಕ್ಕೆ ರಶಿ ಬರೆದದ್ದು ಇಂಗ್ಲಿಷಿನಲ್ಲೂ ಸಿಗುತ್ತದೆ. ತಾಲ್ಮುದಿಗೆ ಬಂದರೆ ಹೀಬ್ರೂ ಬಾರದವರು ಬಹುಮಟ್ಟಿಗೆ ತೆಳು ಅಕ್ಷರವನ್ನೇ ನಂಬಬೇಕು. ಕಷ್ಟದ ಶಬ್ದವನ್ನು ಒತ್ತಿ ಹಿಡಿದರೆ 1903ರ ಯಾಸ್ಟ್ರೋ ನಿಘಂಟು ತೆರೆಯುತ್ತದೆ, ಅದು ದೊಡ್ಡ ಉಪಕಾರ.

ಪೂರ್ತಿ ಪುಟ ಓದದಿದ್ದರೆ ಏನು ತಪ್ಪುತ್ತದೆ ಅನ್ನುವುದಕ್ಕೆ ತಾಲ್ಮುದಿನ ಬಾವಾ ಮೆತ್ಸಿಯಾ 59ಬಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ತುಂಡು ತುಂಡು ಮಾಡಿ ನಡುವೆ ಮರಳು ತುಂಬಿ ಕಟ್ಟಿದ ಒಂದು ಒಲೆ ಶುದ್ಧವೋ ಅಶುದ್ಧವೋ ಅಂತ ವಾದ. ರಬ್ಬಿ ಎಲಿಯೇಜರ್ ಒಬ್ಬರೇ ಶುದ್ಧ ಅನ್ನುತ್ತಾರೆ, ಉಳಿದವರೆಲ್ಲ ಅಲ್ಲ ಅನ್ನುತ್ತಾರೆ. ನಾನು ಹೇಳಿದ್ದು ಸರಿಯಾದರೆ ಈ ಮರ ತೋರಿಸಲಿ ಅಂದಾಗ ಮರ ನೂರು ಮೊಳ ದೂರ ಹೋಗಿ ನಿಲ್ಲುತ್ತದೆ; ಮರದಿಂದ ಪುರಾವೆ ತರಬೇಡ ಅನ್ನುತ್ತಾರೆ. ಕಾಲುವೆ ನೀರು ಹಿಂದಕ್ಕೆ ಹರಿಯುತ್ತದೆ, ಪಾಠಶಾಲೆಯ ಗೋಡೆ ವಾಲುತ್ತದೆ, ಕೊನೆಗೆ ಆಕಾಶವಾಣಿಯೇ ಎಲಿಯೇಜರರ ಪರವಾಗಿ ನುಡಿಯುತ್ತದೆ. ಆಗ ರಬ್ಬಿ ಯೆಹೋಶುವಾ ಎದ್ದು ನಿಂತು, 'ಅದು ಆಕಾಶದಲ್ಲಿಲ್ಲ' ಅಂತ ಧರ್ಮೋಪದೇಶಕಾಂಡ 30:12ರ ಮಾತನ್ನೇ ಎದುರಿಡುತ್ತಾರೆ. ತೋರಾ ಒಮ್ಮೆ ಮನುಷ್ಯರ ಕೈಗೆ ಬಂದ ಮೇಲೆ ತೀರ್ಮಾನ ಬಹುಮತದ್ದು. ಇದನ್ನು ಕೇಳಿ ದೇವರು ನಕ್ಕು, 'ನನ್ನ ಮಕ್ಕಳು ನನ್ನನ್ನು ಸೋಲಿಸಿದರು' ಅಂದನಂತೆ.

ಕತೆ ಎಲ್ಲಿ ಉದ್ಧೃತವಾದರೂ ಬಹುತೇಕ ಇಲ್ಲಿಗೆ ನಿಲ್ಲುತ್ತದೆ. ಸೆಫಾರಿಯದಲ್ಲಿ ಬಳಕೆದಾರರೇ ಜೋಡಿಸಿ ಹಾಕಿದ ಪಾಠಹಾಳೆಗಳಲ್ಲೂ ಈ ಕತ್ತರಿ ಬಿದ್ದಿರಬಹುದು. ಹಾಳೆಗಳನ್ನು ಯಾರು ಬೇಕಾದರೂ ಮಾಡಬಹುದು. ಗ್ರಂಥಭಂಡಾರಕ್ಕೆ ಇರುವ ಜವಾಬ್ದಾರಿ ಅವಕ್ಕಿಲ್ಲ ಅನ್ನುವುದು ನೆನಪಿರಲಿ. ಹಾಳೆಯಲ್ಲಿ ಕಂಡ ತುಣುಕಿನ ಶೀರ್ಷಿಕೆಯನ್ನು ಮುಟ್ಟಿ ಮೂಲ ಪುಟಕ್ಕೆ ಹೋಗಿ, ಒಂದು ಪುಟ ಹಿಂದೆ, ಅರ್ಧ ಪುಟ ಮುಂದೆ ಓದಿ. ಆಗ ಕಾಣುವುದೇ ಬೇರೆ. ಆ ದಿನವೇ ಎಲಿಯೇಜರ್ ಶುದ್ಧ ಅಂದಿದ್ದ ವಸ್ತುಗಳನ್ನೆಲ್ಲ ತಂದು ಸುಟ್ಟರು, ಅವರಿಗೆ ಬಹಿಷ್ಕಾರ ಹಾಕಿದರು. ಸುದ್ದಿ ಮುಟ್ಟಿಸುವುದು ಯಾರು? ಒರಟಾಗಿ ಯಾರಾದರೂ ಹೇಳಿ ಲೋಕವೇ ಹಾಳಾದೀತು, ನಾನೇ ಹೋಗುತ್ತೇನೆ ಅಂದರು ರಬ್ಬಿ ಅಕಿವಾ. ಕಪ್ಪು ಉಟ್ಟು, ನಾಲ್ಕು ಮೊಳ ದೂರ ಕುಳಿತು, 'ಗುರುಗಳೇ, ಒಡನಾಡಿಗಳು ನಿಮ್ಮಿಂದ ದೂರವಾಗುತ್ತಿದ್ದಾರೆ ಅಂತ ತೋರುತ್ತದೆ' ಅಂದರು. ಎಲಿಯೇಜರ್ ಬಟ್ಟೆ ಹರಿದುಕೊಂಡು, ಚಪ್ಪಲಿ ಕಳಚಿ, ನೆಲದ ಮೇಲೆ ಕುಳಿತು ಅತ್ತರು. ಅವರ ಹೆಂಡತಿ ಇಮ್ಮಾ ಶಾಲೋಮ್ ಸಭೆಯ ಮುಖ್ಯಸ್ಥ ಗಮ್ಲಿಯೇಲರ ತಂಗಿ. ಗಂಡನ ಮೊರೆ ಅಣ್ಣನಿಗೆ ತಟ್ಟೀತೆಂದು, ಅವರು ನೆಲಕ್ಕೆ ಮುಖ ಹಚ್ಚಿ ಮೊರೆಯಿಡದಂತೆ ಆಕೆ ದಿನಾ ನೋಡಿಕೊಳ್ಳುತ್ತಿದ್ದಳು. ಒಂದು ದಿನ ತಪ್ಪಿತು. ಅಮಾವಾಸ್ಯೆಯ ಲೆಕ್ಕ ತಪ್ಪಿದ್ದು ಅಂತ ಒಂದು ಪಾಠ, ಬಾಗಿಲಿಗೆ ಬಂದ ಬಡವನಿಗೆ ರೊಟ್ಟಿ ಕೊಡಲು ಎದ್ದಳು ಅಂತ ಇನ್ನೊಂದು. ಮರಳಿ ಬಂದು ನೋಡಿದಾಗ ಅವರು ಮುಖ ಕೆಳಗಾಗಿ ಬಿದ್ದಿದ್ದರು. 'ಏಳು, ನೀನು ನನ್ನ ಅಣ್ಣನನ್ನು ಕೊಂದೆ' ಅಂದಳು. ಎಲ್ಲ ಬಾಗಿಲುಗಳೂ ಮುಚ್ಚಿದರೂ ಮಾತಿನಿಂದ ನೊಂದವರ ಮೊರೆಯ ಬಾಗಿಲು ಮುಚ್ಚುವುದಿಲ್ಲ ಅಂತ ತಾತನ ಮನೆಯಿಂದ ಕೇಳಿ ಬಂದ ಮಾತು ಅವಳ ಬಾಯಲ್ಲಿ ಬರುತ್ತದೆ.

ಈ ಕತೆ ಅಲ್ಲಿ ಯಾಕಿದೆ ಅಂತ ತಿಳಿಯಬೇಕಾದರೆ ಇನ್ನೂ ಹಿಂದಕ್ಕೆ, 58ಬಿಗೆ ಹೋಗಬೇಕು. ಚರ್ಚೆ ನಡೆಯುತ್ತಿರುವುದು ಒಲೆಯ ಬಗ್ಗೆ ಅಲ್ಲ, ವ್ಯಾಪಾರದ ಮೋಸದ ಬಗ್ಗೆ. ಕೊಡು-ಕೊಳ್ಳುವುದರಲ್ಲಿ ಮೋಸ ಇರುವ ಹಾಗೆಯೇ ಮಾತಿನಲ್ಲೂ ಮೋಸ ಉಂಟು ಅನ್ನುತ್ತದೆ ಮಿಶ್ನಾ: ಕೊಳ್ಳುವ ಮನಸ್ಸಿಲ್ಲದೆ 'ಇದಕ್ಕೆಷ್ಟು' ಅಂತ ಬೆಲೆ ಕೇಳಬಾರದು. ಪಶ್ಚಾತ್ತಾಪ ಪಟ್ಟವನಿಗೆ ಹಳೆಯದನ್ನು ಎತ್ತಿ ಆಡಬಾರದು. ನಾಲ್ಕು ಜನರೆದುರು ಒಬ್ಬರ ಮುಖ ಬಿಳಿಚಿಕೊಳ್ಳುವ ಹಾಗೆ ಮಾಡಿದರೆ ರಕ್ತ ಸುರಿಸಿದಷ್ಟೇ ಪಾಪ, ಕೆಂಪು ಹೋಗಿ ಬಿಳುಪು ಬರುವುದು ಕಣ್ಣಿಗೆ ಕಾಣುತ್ತದಲ್ಲ, ಅನ್ನುತ್ತದೆ ಅದೇ ಪುಟ. ಆಕಾಶವಾಣಿಯನ್ನೂ ತಳ್ಳಿಹಾಕುವ ಧೈರ್ಯ ಇದ್ದ ಸಭೆ, ಸೋತ ಒಬ್ಬ ವಿದ್ವಾಂಸನ ಮನಸ್ಸು ಉಳಿಸಿಕೊಳ್ಳಲಿಲ್ಲ. ಅದನ್ನು ಆ ಸಭೆಯ ವಂಶದವರೇ ತಮ್ಮ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಒಬ್ಬರ ತಪ್ಪನ್ನು ಇನ್ನೂರು ಜನರೆದುರು ಎತ್ತಿ ತೋರಿಸುವ ಈ ಕಾಲಕ್ಕೆ ಇದಕ್ಕಿಂತ ಹತ್ತಿರದ ಪುಟ ಇನ್ನೊಂದಿಲ್ಲ.

ಬಳಕೆಯ ವಿಚಾರಕ್ಕೆ ಬಂದರೆ, ಕನ್ನಡ ಸತ್ಯವೇದವನ್ನು ಪಕ್ಕದಲ್ಲಿಟ್ಟುಕೊಂಡು ಓದುವವರಿಗೆ ಸಂಖ್ಯೆಗಳು ಹೊಂದುವುದಿಲ್ಲ ಅನ್ನುವುದು ಮೊದಲ ದೂರು. ಕೀರ್ತನೆಗಳಲ್ಲಿ ಹೀಬ್ರೂ ಪಾಠ ಮೇಲಿನ ಶೀರ್ಷಿಕೆಯನ್ನೂ ವಚನವಾಗಿ ಎಣಿಸುತ್ತದೆ. ಹಾಗಾಗಿ ಸತ್ಯವೇದದಲ್ಲಿ 51:10 ಆಗಿರುವ 'ಶುದ್ಧ ಹೃದಯ'ದ ಬೇಡಿಕೆ ಸೆಫಾರಿಯದಲ್ಲಿ 51:12. ಮಲಾಕಿಯಲ್ಲಿ ನಾಲ್ಕು ಅಧ್ಯಾಯದ ಬದಲು ಮೂರು, ಯೋವೇಲನಲ್ಲಿ ಮೂರರ ಬದಲು ನಾಲ್ಕು. ಆ್ಯಪಿನ ದೋಷ ಅಂತ ತಿಳಿದು ಬಿಡಬೇಡಿ. ಪುಸ್ತಕದ ಹೆಸರುಗಳೂ ಹಲವು ಕಾಗುಣಿತದಲ್ಲಿ ಸಿಗುತ್ತವೆ. ಪೂರ್ವ ಯುರೋಪಿನ ಉಚ್ಚಾರಣೆಯಲ್ಲಿ ಕೊನೆಯ 'ತ' ಕೆಲವೆಡೆ 'ಸ' ಆಗುವುದರಿಂದ ಶಬ್ಬಾತ್, ಶಬ್ಬೋಸ್ ಎರಡೂ ಒಂದೇ.

ಹೀಬ್ರೂ ಸಾಲನ್ನು ಕನ್ನಡದ ಜೊತೆ ಒಂದೇ ಸಾಲಿನಲ್ಲಿ ಅಂಟಿಸಿದರೆ ವಚನದ ಅಂಕಿ, ಪೂರ್ಣವಿರಾಮ ಎಲ್ಲ ತಿರುವುಮುರುವಾಗುತ್ತವೆ. ಒಂದು ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ ಹೋಗುವುದೇ ಕಾರಣ. ಹೀಬ್ರೂವಿಗೆ ಬೇರೆ ಪ್ಯಾರಾ ಕೊಟ್ಟು ಅದರ ದಿಕ್ಕನ್ನು ಬಲದಿಂದ ಎಡಕ್ಕೆ ಅಂತ ಹೊಂದಿಸಿ. ಜೆರಾಕ್ಸ್ ಅಂಗಡಿಗೆ ಪ್ರಿಂಟಿಗೆ ಕೊಡುವುದಾದರೆ ಪಿಡಿಎಫ್ ಮಾಡಿಯೇ ಕೊಡಿ. ವರ್ಡ್ ಫೈಲ್ ಕೊಟ್ಟರೆ ಅಂಗಡಿಯ ಕಂಪ್ಯೂಟರಿನಲ್ಲಿ ಹೀಬ್ರೂ ಫಾಂಟ್ ಇಲ್ಲದೆ ಸ್ವರಚಿಹ್ನೆಗಳು ಅಕ್ಷರದಿಂದ ಜಾರಿ ನಿಲ್ಲುತ್ತವೆ. ಸೆಟ್ಟಿಂಗಿನಲ್ಲಿ ಸ್ವರಚಿಹ್ನೆ ತೆಗೆಯುವ ಆಯ್ಕೆಯೂ ಇದೆ.

ಪ್ರಿಂಟಿನ ಮಾತು ಸುಮ್ಮನೆ ಬಂದದ್ದಲ್ಲ. ಈ ಗ್ರಂಥಗಳನ್ನು ಅತಿ ಹೆಚ್ಚು ಓದುವ ದಿನ ಶಬ್ಬಾತ್, ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿವರೆಗೆ. ನಿಯಮ ಪಾಲಿಸುವ ಯೆಹೂದಿಗಳು ಆ ಹೊತ್ತಿನಲ್ಲಿ ಫೋನ್ ಮುಟ್ಟುವುದೇ ಇಲ್ಲ. ಶಬ್ಬಾತ್ ದಿನ ಮಾಡಬಾರದ ಕೆಲಸಗಳನ್ನು ಮಿಶ್ನಾ 'ನಲವತ್ತಕ್ಕೆ ಒಂದು ಕಡಿಮೆ' ಅಂತ ಎಣಿಸುತ್ತದೆ, ಬರೆಯುವುದೂ ಬೆಂಕಿ ಹೊತ್ತಿಸುವುದೂ ಅದರಲ್ಲಿ ಸೇರಿವೆ. ಹಾಗಾಗಿ ಶುಕ್ರವಾರವೇ ಪ್ರಿಂಟ್ ತೆಗೆದಿಟ್ಟುಕೊಳ್ಳುವುದು ಅವರಲ್ಲಿ ರೂಢಿ. ಆ ನಿಯಮ ನಮಗೆ ಅನ್ವಯಿಸದಿದ್ದರೂ ಕಾಗದವೇ ಒಳ್ಳೆಯದು. ಫೋನಿನಲ್ಲಿ ಒಂದು ಸಾಲು ಮುಟ್ಟಿದರೆ ಇಪ್ಪತ್ತು ವ್ಯಾಖ್ಯಾನ, ಒಂದೊಂದರಿಂದ ಇನ್ನಷ್ಟು ಕೊಂಡಿ. ಅರ್ಧ ಗಂಟೆಯಲ್ಲಿ ಹೊರಟ ಸಾಲೇ ಮರೆತುಹೋಗುತ್ತದೆ. ಎ4 ಹಾಳೆಯ ಒಂದೇ ಬದಿಗೆ, ಅಂಚು ಅಗಲ ಬಿಟ್ಟು ತೆಗೆಸಿ. ಹತ್ತು ಹನ್ನೆರಡು ಸಾಲು ಒಂದು ಸಲಕ್ಕೆ ಸಾಕು. ಮೊದಲು ವ್ಯಾಖ್ಯಾನ ನೋಡದೆ ಓದಿ, ಪ್ರಶ್ನೆಗಳನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಿರಿ, ಆಮೇಲೆ ಫೋನ್ ತೆಗೆಯಿರಿ.

ಒಬ್ಬರೇ ಓದಬೇಡಿ. ಇದು ಆ್ಯಪ್ ಕೊಡಲಾರದ ಸಂಗತಿ, ಅದಕ್ಕೇ ಐದರಲ್ಲಿ ನಾಲ್ಕು ಅಂಕ. 'ಗುರುವನ್ನು ಮಾಡಿಕೊ, ಗೆಳೆಯನನ್ನು ಸಂಪಾದಿಸಿಕೊ, ಎಲ್ಲರನ್ನೂ ಒಳಿತಿನ ಕಡೆಗೆ ತೂಗು' ಅನ್ನುತ್ತದೆ ಮಿಶ್ನಾದ ಪಿರ್ಕೆ ಅವೋತ್ 1:6. ಇಬ್ಬರು ಎದುರುಬದುರು ಕುಳಿತು ಗಟ್ಟಿಯಾಗಿ ಓದಿ, ತಡೆದು, ಪ್ರಶ್ನೆ ಹಾಕಿ ಮುಂದುವರಿಯುವ ಕ್ರಮಕ್ಕೆ ಹವ್ರೂತಾ ಅಂತ ಹೆಸರು. 'ಹವ್ರೂತಾ ಇಲ್ಲವಾದರೆ ಸಾವೇ ಲೇಸು' ಎಂಬರ್ಥದ ಗಾದೆಯೇ ತಾಲ್ಮುದಿನ ತಾನಿತ್ 23ಎಯಲ್ಲಿದೆ. ತಾಳಮದ್ದಳೆ ಕೇಳಿ ಬೆಳೆದ ಕರಾವಳಿಯವರಿಗೆ ಇದು ಕಷ್ಟವಾಗಬಾರದು. ಒಬ್ಬ ಅರ್ಥಧಾರಿ ಎತ್ತಿದ ಮಾತನ್ನು ಇನ್ನೊಬ್ಬರು ಎಲ್ಲಿ ಹಿಡಿಯುತ್ತಾರೆ ಅಂತ ಕಾಯುವುದು ನಮಗೆ ಅಭ್ಯಾಸ. ಒಂದೇ ವ್ಯತ್ಯಾಸ. ಪ್ರಸಂಗದಲ್ಲಿ ಗೆಲ್ಲುವವರು ಮೊದಲೇ ಗೊತ್ತು. ಇಲ್ಲಿ ಸೋತ ಅಭಿಪ್ರಾಯವನ್ನೂ ಹೆಸರು ಸಮೇತ ಉಳಿಸಿಕೊಳ್ಳುತ್ತಾರೆ, ಮುಂದೆ ಯಾವುದೋ ನ್ಯಾಯಸಭೆಗೆ ಅದೇ ಆಧಾರವಾಗಬಹುದು ಅಂತ ಮಿಶ್ನಾದ ಎದುಯೋತ್ 1:5 ಕಾರಣ ಕೊಡುತ್ತದೆ.

ಚರ್ಚೆಗಿಂತ ನೇರ ಮಾತು ಬೇಕೆನ್ನುವವರು ರಂಬಾಮರ ಧರ್ಮಶಾಸ್ತ್ರವಾದ ಮಿಶ್ನೇ ತೋರಾ ತೆರೆಯಲಿ. ಶೋಕದ ವಿಧಿಗಳ 13ನೇ ಅಧ್ಯಾಯ ನೋಡಿ: ಸತ್ತವರಿಗಾಗಿ ಅತಿಯಾಗಿ ದುಃಖಿಸಬಾರದು, ಮೂರು ದಿನ ಅಳುವುದಕ್ಕೆ, ಏಳು ದಿನ ಗುಣ ನೆನೆಯುವುದಕ್ಕೆ, ಮೂವತ್ತು ದಿನ ಕೂದಲು ಕತ್ತರಿಸದಿರುವುದಕ್ಕೆ. ಮರುವಚನದಲ್ಲೇ, ವಿಧಿಯಷ್ಟಾದರೂ ದುಃಖಿಸದವನು ಕ್ರೂರಿ ಅನ್ನುತ್ತಾರೆ. ಹನ್ನೊಂದು, ಹದಿಮೂರರ ಲೆಕ್ಕ ಗೊತ್ತಿರುವ ಮನೆಗಳಿಗೆ ಇದರ ತೂಕ ವಿವರಿಸಬೇಕಿಲ್ಲ. ಇದನ್ನು ಬರೆದ ರಂಬಾಮರ ತಮ್ಮ ದಾವಿದ್ ವ್ಯಾಪಾರಕ್ಕೆ ಹೊರಟು ನಮ್ಮ ಹಿಂದೂ ಮಹಾಸಾಗರದಲ್ಲೇ ಮುಳುಗಿ ತೀರಿಕೊಂಡರು. ಸುದ್ದಿ ಕೇಳಿ ತಾವು ಒಂದು ವರ್ಷದಷ್ಟು ಹಾಸಿಗೆ ಹಿಡಿದದ್ದನ್ನು ರಂಬಾಮರೇ ಕಾಗದದಲ್ಲಿ ಬರೆದಿದ್ದಾರೆ. ಹೊಸ ಕಾಲದ ಬರಹ ಬೇಕಾದರೆ 1991ರಿಂದ 2013ರವರೆಗೆ ಬ್ರಿಟನ್ನಿನ ಮುಖ್ಯ ರಬ್ಬಿಯಾಗಿದ್ದ ಜೊನಾಥನ್ ಸ್ಯಾಕ್ಸ್ ಅವರು ತೋರಾದ ಆಯಾ ವಾರದ ಪಾಠದ ಮೇಲೆ ಬರೆದ ಪ್ರಬಂಧಗಳಿವೆ. ಇಪ್ಪತ್ತನೇ ಶತಮಾನದ ಇತರ ಚಿಂತಕರದ್ದು ಹಕ್ಕುಸ್ವಾಮ್ಯದ ಕಾರಣಕ್ಕೆ ಎಲ್ಲ ಸಿಗುವುದಿಲ್ಲ.

ಮಂಗಳೂರಿನವರು ಖಂಡಿತ ಹುಡುಕುವ ಇನ್ನೊಂದು ಹೆಸರು ಅಬ್ರಹಾಂ ಬೆನ್ ಯಿಜು. ಟ್ಯುನಿಷಿಯಾ ಕಡೆಯ ಈ ಯೆಹೂದಿ ವ್ಯಾಪಾರಿ 1132ರಿಂದ 1149ರ ಆಸುಪಾಸಿನಲ್ಲಿ ಮಂಗಳೂರಿನಲ್ಲಿ ನೆಲೆಸಿ, ಹಿತ್ತಾಳೆ-ಕಂಚಿನ ಕೆಲಸದ ಕಾರ್ಖಾನೆ ಇಟ್ಟು, ಏಡನ್‌ಗೆ ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಅಲ್ಲಿನ ಪಾಲುದಾರರು ಅವನಿಗೆ ಬರೆಯಲು ಕಾಗದ ಕಳಿಸುತ್ತಿದ್ದರು. ಆಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ ಪತ್ರ 1132ರ ಅಕ್ಟೋಬರದ್ದು. ಅವನ ಕಾಗದಗಳು ಕೈರೋದ ಗೆನೀಜಾದಲ್ಲಿ, ಅಂದರೆ ಸಿನಗಾಗಿನ ಹಳೆಯ ಕಾಗದಪತ್ರ ಕೂಡಿಟ್ಟ ಕೋಣೆಯಲ್ಲಿ, ಸಿಕ್ಕವು. ಆದರೆ ಸೆಫಾರಿಯ ಅದಕ್ಕೆ ಸರಿಯಾದ ಜಾಗವಲ್ಲ. ಅವಕ್ಕೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯ ಮತ್ತು ಪ್ರಿನ್ಸ್‌ಟನ್ನಿನ ಗೆನೀಜಾ ಯೋಜನೆಯನ್ನು ನೋಡಬೇಕು.

ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಕಡೆಗಳಲ್ಲಿರುವವರು ಆ್ಯಪಿನ ಆಫ್‌ಲೈನ್ ಆಯ್ಕೆ ಬಳಸಿ, ಪೂರ್ತಿ ಭಂಡಾರದ ಬದಲು ಬೇಕಾದ ಕಟ್ಟನ್ನಷ್ಟೇ ವೈಫೈನಲ್ಲಿ ಇಳಿಸಿಕೊಳ್ಳಿ. ದಿನಕ್ಕೊಂದು ಹಾಳೆಯಂತೆ ಲೋಕದೆಲ್ಲೆಡೆ ಒಟ್ಟಿಗೆ ಓದುವ 'ದಫ್ ಯೋಮಿ' ಎಂಬ ಕ್ರಮ 1923ರಿಂದ ನಡೆದು ಬಂದಿದೆ. ಒಟ್ಟು 2,711 ಹಾಳೆ, ಸುಮಾರು ಏಳೂವರೆ ವರ್ಷ. ಆ ದಿನದ ಹಾಳೆ ಯಾವುದೆಂದು ಆ್ಯಪೇ ತೋರಿಸುತ್ತದೆ. ಈಗಿನ ಸುತ್ತು 2027ರ ಜೂನ್ 7ಕ್ಕೆ ಮುಗಿಯುತ್ತದೆ. ನಡುವೆ ಸೇರಿಕೊಂಡರೆ ತಲೆಬುಡ ತಿಳಿಯದು, ದಿನಕ್ಕೊಂದು ಹಾಳೆಯ ವೇಗ ಹೊಸಬರಿಗೆ ಹೆಚ್ಚೇ. ಅಲ್ಲಿಯವರೆಗೆ ವಾರಕ್ಕೆ ಹನ್ನೆರಡು ಸಾಲಿನ ಲೆಕ್ಕದಲ್ಲಿ ಕೈ ಪಳಗಿಸಿಕೊಳ್ಳಿ. ಜೂನ್ 8, ಮಂಗಳವಾರ, ಬೆರಾಖೋತ್ 2ಎ, ಶೆಮಾ ಎಷ್ಟು ಹೊತ್ತಿಗೆ ಎಂಬಲ್ಲಿಂದ ಮತ್ತೆ ಶುರು.